ಎರಡು ಪಾತ್ರೆ, ಒಂದು ಕಾಗೋಡು

ಸಾಗರದಲ್ಲಿ ಭಾನುವಾರ ಬೆಳಿಗ್ಗೆ ಹೊರರಾಜ್ಯದವರಿಗೆ ಕನ್ನಡ ಹೇಳಿಕೊಡುತ್ತೇನೆ. ಬ್ಯಾಂಕಿನವರು, ನರ್ಸುಗಳು, ಜಾರ್ಖಂಡಿನ ಒಬ್ಬ ಬಡಗಿ ಬರುತ್ತಾರೆ. ಆವತ್ತಿನ ಪಾಠ ಕಾಗೋಡು ಸತ್ಯಾಗ್ರಹ, ಅಂದರೆ ಗೇಣಿದಾರರ ಹೋರಾಟ. ನಮ್ಮ ತಾಲ್ಲೂಕಿನದ್ದೇ ಊರು, ಗೊತ್ತಿರಬೇಕು ಅಲ್ವಾ?

ಮೊದಲು ಮೇಜಿನ ಮೇಲೆ ಎರಡು ಪಾತ್ರೆ ಇಟ್ಟೆ. ನೋಡಲು ಒಂದೇ ಥರ, ಒಂದರ ಆಳ ಮಾತ್ರ ಜಾಸ್ತಿ. ಸಣ್ಣದರ ತುಂಬ ಅಕ್ಕಿ ಅಳೆದು ದೊಡ್ಡದಕ್ಕೆ ಸುರಿದರೆ ಅಂಚು ಮುಟ್ಟಲೇ ಇಲ್ಲ. ಎಲ್ಲರೂ ಬಗ್ಗಿ ನೋಡಿದರು. ಜಮೀನಿನ ಒಡೆಯರಿಗೆ ಕೊಡುವ ಗೇಣಿ ಭತ್ತ ಅಳೆಯುವ ಕೊಳಗದಲ್ಲಿ ಇಂಥದ್ದೇ ಮೋಸ ಇತ್ತು, ಅಲ್ಲಿಂದಲೇ ಜಗಳ ಬೆಳೆಯಿತು ಅಂದೆ.

1951ರಲ್ಲಿ ಒಡೆಯರು ಹೊಲ ಬಿಡಿಸಿದಾಗ, ಹೋರಾಟದ ಮುಂದಾಳು ಎಚ್. ಗಣಪತಿಯಪ್ಪನವರ ಜೊತೆಗಿದ್ದ ಗೇಣಿದಾರರು ಗುಂಪು ಗುಂಪಾಗಿ ಅದೇ ಹೊಲಕ್ಕೆ ಇಳಿದರು. ಪೊಲೀಸರು ಹಿಡಿದರೆ ಸುಮ್ನೆ ಜೈಲಿಗೆ ಹೋದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ಅದೇ ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು.

ಆಮೇಲೆ ಪಾತ್ರ ಹಂಚಿದೆ. ಯಾವಾಗಲೂ ತಡವರಿಸುವ ನರ್ಸಮ್ಮ ಗೇಣಿದಾರಳಾಗಿ ಎದ್ದು ನಿಂತರು. "ನಾವು ಹೊಡೆಯಲ್ಲ. ಹೊಲ ಬಿಡಲ್ಲ. ಹಿಡ್ಕೊಂಡು ಹೋಗಿ." ಒಂದು ಕಡೆಯೂ ತಡವರಿಸಲಿಲ್ಲ! ತರಕಾರಿ ರೇಟು, ಬಸ್ಸಿನ ಟೈಮು ಕೇಳಲು ಬರಬೇಕು, ನಿಜ. ಅಷ್ಟಕ್ಕೇ ನಿಲ್ಲಿಸಿದರೆ ಕಲಿಯಲು ಬಂದವರನ್ನು ಬರೀ ಗಿರಾಕಿಗಳು ಅಂದುಕೊಂಡ ಹಾಗಾಗುತ್ತದೆ. ಅನ್ಯಾಯದ ಎದುರು ಆಡುವ ಮಾತೂ ಅವರಿಗೆ ಬೇಕು.

"ಸರ್, ನಮ್ಮ ಕಡೆನೂ ಇದೆ," ಅಂದ ಬಡಗಿ. ಛೋಟಾನಾಗ್ಪುರದ ಟಾನಾ ಭಗತರ ಕಥೆ. 1914ರಲ್ಲಿ ಜತ್ರಾ ಭಗತ್ ಎಂಬ ಉರಾಂವ್ ಬುಡಕಟ್ಟಿನ ಯುವಕ ಜಮೀನ್ದಾರರ ಬಿಟ್ಟಿ ಕೆಲಸ ಮಾಡಬೇಡಿ ಅಂದನಂತೆ. ಮುಂದೆ ಆ ಜನ ಖಾದಿ ಉಟ್ಟು ಗಾಂಧೀಜಿ ಜೊತೆ ಸೇರಿದರು. ಕ್ರಿಯಾಪದಗಳೆಲ್ಲ ಹಿಂದುಮುಂದು. ತಿದ್ದಲು ಹೋಗಲಿಲ್ಲ, ಕೇಳಿದೆವು.

"ಕಾಗೋಡಿನವರು ಗೆದ್ದರಾ?" ಅಂತ ಬ್ಯಾಂಕಿನ ಹುಡುಗ ಕೇಳಿದ. ಆಗಲೇ ಅಲ್ಲ. ಉಳುವವನಿಗೆ ಭೂಮಿ ಕೊಡುವ ಬಿಗಿಯಾದ ಕಾನೂನು ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಇದನ್ನೂ ಹೇಳಿದೆ.

ಮುಂದಿನ ಪಾಠ ಶಿಕಾರಿಪುರದ ಈಸೂರು. 1942ರಲ್ಲಿ ತಾವು ಸ್ವತಂತ್ರರು ಎಂದು ಸಾರಿದ ಊರು. ಅಲ್ಲಿ ಜನರ ಜೊತೆ ಘರ್ಷಣೆಯಾಗಿ ಇಬ್ಬರು ಅಧಿಕಾರಿಗಳು ಸತ್ತರು, ಅದಕ್ಕೆ ಊರಿನ 5 ಜನರನ್ನು ಗಲ್ಲಿಗೇರಿಸಿದರು. ಕಾಗೋಡಿನ ಪಕ್ಕದಲ್ಲಿ ಅದನ್ನೂ ಇಟ್ಟು ಮಾತಾಡಿಸಬೇಕು ಅಂತಿದ್ದೇನೆ.