ಪಾಚಿಯ ಬೂದಿ ಕಲಿಸಿದ ಕೆಮಿಸ್ಟ್ರಿ

ಪಿಯುಸಿಯಲ್ಲಿ ಅಲೋಹಗಳ ಪಾಠ ಅಂದ್ರೆ ಬಹಳ ಕಡೆ ಬಾಯಿಪಾಠವೇ. ತಯಾರಿಕೆ, ಗುಣ, ಉಪಯೋಗ, ಮುಗೀತು. ಕಾರವಾರದಲ್ಲಿ ನಮಗೆ ಕೆಮಿಸ್ಟ್ರಿ ಹೇಳಿಕೊಟ್ಟ ಮೇಡಂ ಮಾತ್ರ ಹ್ಯಾಲೋಜನ್‌ಗಳನ್ನು, ಅಂದ್ರೆ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇರುವ ಗುಂಪನ್ನು, ಸಮುದ್ರದಿಂದಲೇ ಶುರು ಮಾಡಿದರು. ಒಂದು ಲೀಟರ್ ಕಡಲ ನೀರಿನಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ, ಬ್ರೋಮೈಡ್ ಸುಮಾರು 65 ಮಿಲಿಗ್ರಾಂ. ಅಯೋಡಿನ್ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲೂ ಇಲ್ಲ. "ಹಾಗಾದ್ರೆ ಅದು ಸಿಕ್ಕಿದ್ದು ಹೇಗೆ, ಹೇಳಿ ನೋಡೋಣ" ಎಂದರು.

ಸಿಕ್ಕಿದ್ದು ಕಡಲ ಪಾಚಿಯಿಂದ. ಪಾಚಿ ನೀರಿನಲ್ಲಿರುವ ಅಯೋಡಿನ್ ಹೀರಿ ತನ್ನೊಳಗೆ ಕೂಡಿಡುತ್ತದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ಮಾಡಲು ಪಾಚಿಯ ಬೂದಿ ಬಳಸುತ್ತಿದ್ದ. ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಜಾಸ್ತಿ ಬಿದ್ದಾಗ ನೇರಳೆ ಹೊಗೆ ಎದ್ದಿತು. ತಣ್ಣಗಿದ್ದ ಕಡೆ ಅದೇ ಹೊಗೆ ಕಪ್ಪು ಹರಳಾಯಿತು. ಅದೇ ಅಯೋಡಿನ್.

ಮೇಡಂ ನಮ್ಮಿಂದಲೂ ಅದನ್ನು ಮಾಡಿಸಿದರು. ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲಿನ ಕಂದು ಪಾಚಿ, ಸರ್ಗಾಸಮ್, ತಂದು ಒಣಗಿಸಿದೆವು. ಸುಟ್ಟಾಗ ಲ್ಯಾಬ್ ತುಂಬಾ ವಾಸನೆ. ಬೂದಿಗೆ ಬಿಸಿನೀರು ಹಾಕಿ ಸೋಸಿ, ತೆಳು ಸಲ್ಫ್ಯೂರಿಕ್ ಆಮ್ಲ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆವು. ತಿಳಿಹಳದಿ ಬಂತು. ಅನ್ನದ ಗಂಜಿಯ ತಿಳಿ ಸೇರಿಸಿದ್ದೇ ತಡ, ನೀಲಿ! ಅಯೋಡಿನ್ ಇದೆ ಎಂಬುದಕ್ಕೆ ಅದೇ ಗುರುತು.

ನನಗೆ ಹೆಚ್ಚು ಇಷ್ಟವಾಗಿದ್ದು ಆಮೇಲಿನ ಪ್ರಶ್ನೆ. ಅದೇ ಬೂದಿಯಲ್ಲಿ ಕ್ಲೋರೈಡ್ ಎಷ್ಟೋ ಪಟ್ಟು ಜಾಸ್ತಿ ಇತ್ತಲ್ವಾ? ಕ್ಲೋರಿನ್ ಯಾಕೆ ಬರಲಿಲ್ಲ? ಅಯೋಡೈಡ್, ಅಂದ್ರೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇಟ್ಟುಕೊಂಡ ಅಯೋಡಿನ್, ದೊಡ್ಡದು, ಹೊರಗಿನ ಎಲೆಕ್ಟ್ರಾನ್ ಮೇಲೆ ಅದರ ಹಿಡಿತ ಸಡಿಲ. ಪೆರಾಕ್ಸೈಡ್ ಆ ಎಲೆಕ್ಟ್ರಾನನ್ನು ಸುಲಭವಾಗಿ ಕಿತ್ತುಕೊಳ್ಳುತ್ತದೆ. ಕ್ಲೋರೈಡ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿಯೇ ಕಾರವಾರದ ಪಕ್ಕದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತೆಗೆಯುತ್ತಾರೆ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹಾದು ಬರುತ್ತಿದ್ದೆ. ಒಳಗೇನು ನಡೆಯುತ್ತದೆ ಎಂದು ತಿಳಿದದ್ದು ಅವತ್ತೇ.

ಎಲೆಕ್ಟ್ರಾನ್ ಹಿಡಿತದಲ್ಲಿ ಬ್ರೋಮಿನ್ ಈ ಎರಡರ ನಡುವಿನದು. ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿಗೆ ಕ್ಲೋರಿನ್ ಹಾಯಿಸಿ ಬಲಾರ್ ಎಂಬ ಹುಡುಗ 1826ರಲ್ಲಿ ಅದನ್ನು ಕಂಡುಹಿಡಿದ. ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರದಲ್ಲೂ ಅಂಥದೇ ಕಹಿನೀರು ಉಳಿಯುತ್ತದೆ ಎಂದು ಮೇಡಂ ಹೇಳಿದಾಗ ಕುಮಟಾ ಕಡೆಯ ಗೆಳೆಯರ ಮುಖ ಅರಳಿತು.

ಈಗ ಓದುತ್ತಿರುವವರೂ ಈ ಪ್ರಯೋಗ ಮಾಡಬೇಕು ಎಂಬುದು ನನ್ನ ಆಸೆ. ಮೇಷ್ಟ್ರು ಜೊತೆಗಿರಲಿ. ಪಾಚಿಯನ್ನು ಸಿಹಿನೀರಿನಲ್ಲಿ ತುಂಬಾ ತೊಳೆಯಬೇಡಿ, ಅಯೋಡೈಡ್ ಹೊರಟುಹೋಗುತ್ತದೆ. ಗಂಜಿ ಹಾಕುವ ಮುಂಚೆ ಎಲ್ಲವೂ ತಣ್ಣಗಾಗಿರಲಿ, ಬಿಸಿಯಲ್ಲಿ ಆ ನೀಲಿ ನಿಲ್ಲುವುದಿಲ್ಲ.