ಫೈಲ್ ಅಳಿಸಿದರೂ ಡಿಸ್ಕ್ ತುಂಬಿಯೇ ಇದ್ದರೆ

ಲಿನಕ್ಸ್ ಸರ್ವರ್‌ನಲ್ಲಿ 40 ಜಿಬಿಯ ಲಾಗ್ ಫೈಲ್ ಅಳಿಸಿದ ಮೇಲೂ ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಕಮಾಂಡ್ 100% ಎಂದೇ ತೋರಿಸುತ್ತದೆ. ಫೈಲ್‌ಗಳ ಗಾತ್ರ ಕೂಡಿ ಹೇಳುವ ಡಿಯು ಕಮಾಂಡ್ ಓಡಿಸಿ ನೋಡಿದರೆ ಆ 40 ಜಿಬಿ ಲೆಕ್ಕಕ್ಕೇ ಸಿಗುವುದಿಲ್ಲ. ಎರಡೂ ಹೇಳುತ್ತಿರುವುದು ನಿಜವೇ. ಡಿಯು ಫೋಲ್ಡರ್‌ಗಳೊಳಗೆ ಇಳಿದು, ಹೆಸರಿರುವ ಫೈಲ್‌ಗಳನ್ನಷ್ಟೇ ಕೂಡುತ್ತದೆ. ಡಿಎಫ್ ಮಾತ್ರ ಎಷ್ಟು ಬ್ಲಾಕ್ (ಡಿಸ್ಕ್ ಜಾಗದ ತುಂಡುಗಳು) ಬಳಕೆಯಲ್ಲಿವೆ ಎಂದು, ಡಿಸ್ಕ್‌ನಲ್ಲಿ ಫೈಲ್‌ಗಳ ಲೆಕ್ಕ ಇಡುವ ಫೈಲ್‌ಸಿಸ್ಟಮನ್ನೇ ಕೇಳುತ್ತದೆ.

ಫೈಲ್ ಅಳಿಸುವ ಆರ್‌ಎಂ ಕಮಾಂಡ್ ತೆಗೆಯುವುದು ಹೆಸರನ್ನು ಮಾತ್ರ. ಆ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದುಕೊಂಡು ಕೂತಿದ್ದರೆ, ಅದು ಮುಚ್ಚುವ ತನಕ ಜಾಗ ವಾಪಸ್ ಬರುವುದಿಲ್ಲ. ಇನ್ನೂ ಬೇಸರದ ಸಂಗತಿ ಎಂದರೆ, ಹೆಸರಿಲ್ಲದ ಆ ಫೈಲ್‌ಗೇ ಪ್ರೋಗ್ರಾಂ ಬರೆಯುತ್ತಲೇ ಇರುತ್ತದೆ. ಡಿಸ್ಕ್ ಮತ್ತಷ್ಟು ತುಂಬುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಹಿಡಿದು ಕೂತವರು ಯಾರೆಂದು ತಿಳಿಯಲು:

ಸುಡೊ ಎಲ್‌ಎಸ್‌ಒಎಫ್ +ಎಲ್1

ಇಲ್ಲಿ ಎಲ್ ದೊಡ್ಡಕ್ಷರ. ಒಂದು ಹೆಸರೂ ಉಳಿಯದ, ಆದರೆ ತೆರೆದೇ ಇರುವ ಫೈಲ್‌ಗಳನ್ನು ಇದು ಪಟ್ಟಿ ಮಾಡುತ್ತದೆ. ಸುಡೊ (ರೂಟ್, ಅಂದರೆ ನಿರ್ವಾಹಕನ ಅಧಿಕಾರದಲ್ಲಿ ಓಡಿಸುವುದು) ಬಿಟ್ಟರೆ ಬೇರೆ ಯೂಸರ್‌ಗಳ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಕಾಣದೇ ಹೋಗಬಹುದು. ಸಾಲಿನಲ್ಲಿ ಮೂರು ವಿಷಯ ನೋಡಿ: ಪಿಐಡಿ (ಪ್ರೋಸೆಸ್‌ನ ಸಂಖ್ಯೆ), ಎಫ್‌ಡಿ ಸಂಖ್ಯೆ (ಆ ಪ್ರೋಸೆಸ್ ತೆರೆದ ಫೈಲ್‌ಗೆ ಇರುವ ಸಂಖ್ಯೆ), ಗಾತ್ರ. ಎಫ್‌ಡಿ ಕಾಲಂನಲ್ಲಿ '3ಡಬ್ಲ್ಯು' ಎಂದಿದ್ದರೆ ಸಂಖ್ಯೆ 3, ಬರೆಯಲು ತೆರೆದದ್ದು ಎಂದರ್ಥ.

ಆ ಸರ್ವೀಸನ್ನು ರೀಸ್ಟಾರ್ಟ್ ಮಾಡುವುದೇ ಸರಿಯಾದ ದಾರಿ. ಅದು ಈಗ ಆಗದ ಮಾತು ಎಂದಾದರೆ, ರೂಟ್ ಆಗಿ ಫೈಲನ್ನು ಇದ್ದಲ್ಲೇ ಸೊನ್ನೆಗೆ ಇಳಿಸಬಹುದು. ಪಿಐಡಿ 1234 ಎಂದುಕೊಳ್ಳಿ:

: > /ಪ್ರೋಕ್/1234/ಎಫ್‌ಡಿ/3

ಲಾಗ್ ಬೇಕಿದ್ದರೆ ಮೊದಲೇ ಇದೇ ಪಾತ್‌ನಿಂದ ಸಿಪಿ (ನಕಲು) ಮಾಡಿ ಬೇರೆ ಡಿಸ್ಕ್‌ಗೆ ಇಟ್ಟುಕೊಳ್ಳಿ. ಡೇಟಾಬೇಸ್ ಫೈಲ್‌ಗಳ ಮೇಲೆ ಈ ಉಪಾಯ ಬೇಡವೇ ಬೇಡ, ಇದು ಲಾಗ್‌ಗಳಿಗೆ ಮಾತ್ರ. ಪ್ರೋಗ್ರಾಂ ಅಪೆಂಡ್ ಮೋಡ್‌ನಲ್ಲಿ (ಸದಾ ಫೈಲಿನ ಕೊನೆಗೇ ಸೇರಿಸುವ ರೀತಿಯಲ್ಲಿ) ತೆರೆದಿಲ್ಲದಿದ್ದರೆ ಹಳೆಯ ಆಫ್‌ಸೆಟ್‌ನಿಂದಲೇ (ಹಿಂದೆ ಬರೆದು ನಿಲ್ಲಿಸಿದ ಜಾಗದಿಂದಲೇ) ಬರೆಯಲು ಮುಂದುವರಿಯುತ್ತದೆ. ಆಗ ಪಟ್ಟಿಯಲ್ಲಿ ಗಾತ್ರ ಮತ್ತೆ 40 ಜಿಬಿ ಎಂದು ಕಂಡರೂ ಗಾಬರಿ ಬೇಡ. ನಡುವೆ ಇರುವುದು ಬರೀ ತೂತು, ಡಿಎಫ್ ನೋಡಿದರೆ ಜಾಗ ಬಿಟ್ಟಿರುತ್ತದೆ.

ಇದು ಪದೇ ಪದೇ ಆಗುತ್ತಿದ್ದರೆ ಹಳೆಯ ಲಾಗನ್ನು ಪಕ್ಕಕ್ಕಿಟ್ಟು ಹೊಸದು ಶುರುಮಾಡುವ ಲಾಗ್‌ರೊಟೇಟ್‌ನ ಸೆಟ್ಟಿಂಗ್ ನೋಡಿ. ಫೈಲಿನ ಹೆಸರು ಬದಲಾದದ್ದು ಪ್ರೋಗ್ರಾಂಗೆ ಗೊತ್ತಾಗಬೇಕಾದರೆ ಅದಾದ ಮೇಲೆ ಓಡುವ ಪೋಸ್ಟ್‌ರೊಟೇಟ್ ಭಾಗದಲ್ಲಿ ಸಿಗ್ನಲ್ ಕೊಡಬೇಕು. ಫೈಲನ್ನು ನಕಲು ಮಾಡಿ ಮೂಲವನ್ನು ಸೊನ್ನೆಗಿಳಿಸುವ ಕಾಪಿಟ್ರಂಕೇಟ್ ಸುಲಭ, ಆದರೆ ನಕಲು ಮುಗಿದು ಸೊನ್ನೆಯಾಗುವ ಆ ಚಿಕ್ಕ ಅಂತರದಲ್ಲಿ ಬಂದ ಸಾಲುಗಳು ಕಳೆದುಹೋಗಬಹುದು.

ಎಲ್‌ಎಸ್‌ಒಎಫ್‌ನಲ್ಲಿ ಏನೂ ಸಿಗಲಿಲ್ಲವೇ? ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇದ್ದರೆ ಸ್ನ್ಯಾಪ್‌ಶಾಟ್‌ಗಳನ್ನು (ಹಿಂದಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟದ್ದು) ನೋಡಿ. ಅಳಿಸಿದ ಫೈಲ್ ಹಳೆಯ ಸ್ನ್ಯಾಪ್‌ಶಾಟ್‌ನಲ್ಲಿ ಇದ್ದರೆ ಬ್ಲಾಕ್‌ಗಳು ಅದರ ಪಾಲಿಗೇ ಉಳಿಯುತ್ತವೆ. ಇನ್ನೊಂದು, ಸುಲಭಕ್ಕೆ ಹೊಳೆಯದ್ದು: ಒಂದು ಫೋಲ್ಡರ್‌ಗೆ ಬೇರೆ ಡಿಸ್ಕ್ ಮೌಂಟ್ ಆಗುವ (ಜೋಡಣೆಯಾಗುವ) ಮೊದಲೇ ಅದರೊಳಗೆ ಬಿದ್ದ ಫೈಲ್‌ಗಳು. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ದಿನ ಬ್ಯಾಕಪ್ ಓಡಿದ್ದರೆ ಎಲ್ಲವೂ ರೂಟ್ (ಸಿಸ್ಟಮ್ ಇರುವ) ಡಿಸ್ಕ್‌ನಲ್ಲೇ ಸೇರಿ, ಮರುದಿನ ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ರೂಟ್ ಫೋಲ್ಡರನ್ನು (/) ಇನ್ನೊಂದು ಕಡೆಯೂ ಕಾಣುವಂತೆ ಬೈಂಡ್ ಮೌಂಟ್ ಮಾಡಿ, ಅಲ್ಲಿ ಡಿಯು ಓಡಿಸಿದರೆ ಸಿಕ್ಕಿಬೀಳುತ್ತದೆ.

ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ 5% ಜಾಗ ರೂಟ್ ಯೂಸರ್‌ಗೆಂದು ಮೀಸಲು. 1 ಟಿಬಿಯಲ್ಲಿ ಅದು ಸುಮಾರು 50 ಜಿಬಿ. ಬರೀ ಡೇಟಾ ಇಡುವ ಡಿಸ್ಕಾದರೆ ಟ್ಯೂನ್2ಎಫ್‌ಎಸ್ -ಎಂ 1 (ಎಂ ಚಿಕ್ಕಕ್ಷರ) ಕೊಟ್ಟು 1%ಗೆ ಇಳಿಸಿ. ಸಿಸ್ಟಮ್ ಇರುವ ಡಿಸ್ಕ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ.