ರೂಲ್ ಪುಸ್ತಕ ಓದಿದರೆ ಸಾಕಲ್ವಾ?

ಯಾವ ಟೂರ್ನಿಗೆ ಹೋದರೂ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಒಮ್ಮೆ ಕಾರವಾರದಿಂದ ಶಿರಸಿಗೆ ವಾಪಸ್ ಬರುವಾಗ ಬಸ್ಸಿನಲ್ಲೂ ಕೇಳಿದ್ದರು. ಕುತ್ತಿಗೆಯಲ್ಲಿದ್ದ ವಿಸಲ್ ತೆಗೆಯೋದು ಮರೆತು ಹಾಗೇ ಕೂತಿದ್ದೆ. ಪಕ್ಕದವರು ಅದನ್ನು ನೋಡಿ ನೋಡಿ, ಅಂಕೋಲಾ ದಾಟಿದ ಮೇಲೆ ಬಾಯಿ ಬಿಟ್ಟರು.

"ಪೊಲೀಸಾ?"

"ಅಲ್ಲ, ಬಾಸ್ಕೆಟ್‌ಬಾಲ್ ರೆಫರಿ. ಹೊಸಬರಿಗೆ ಟ್ರೇನಿಂಗ್ ಕೊಡೋಕೆ ಹೋಗಿದ್ದೆ."

"ಪೀಪಿ ಊದೋಕೂ ಟ್ರೇನಿಂಗ್ ಇರ್ತದಾ? ರೂಲ್ ಪುಸ್ತಕ ಓದಿದ್ರೆ ಸಾಕಲ್ವಾ?"

ಅವರನ್ನು ಬಿಡಿ, ಅವರಿಗೂ ಆಟಕ್ಕೂ ಸಂಬಂಧ ಇಲ್ಲ. ಆದರೆ ಆಟ ಬಲ್ಲವರೂ ಇದನ್ನೇ ಕೇಳುತ್ತಾರೆ. "ಒಂದು ಭಾನುವಾರ ಬಂದು ರೂಲ್ಸ್ ಹೇಳಿಕೊಡಿ ಸರ್, ನಮ್ಮ ಹುಡುಗರು ಮ್ಯಾಚ್ ಮಾಡಿಸ್ತಾರೆ" ಎನ್ನುತ್ತಾರೆ. ಸಾಲೋದಿಲ್ಲ ಅಂದರೆ ನಾನು ನನ್ನ ಬೆಲೆ ಏರಿಸ್ತಾ ಇದ್ದೀನಿ ಅಂದುಕೊಳ್ಳುತ್ತಾರೆ. ಅದಕ್ಕೇ ಈ ಉದ್ದದ ಉತ್ತರ.

ನನ್ನ ಮೊದಲ ಮ್ಯಾಚಿಗೆ ಹೋದಾಗ ನನಗೆ ರೂಲ್ಸ್ ಮಗ್ಗಿಯ ಹಾಗೆ ಬರುತ್ತಿತ್ತು. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗ್ 3.05 ಮೀಟರ್ ಎತ್ತರ. ರಿಂಗಿನ ಕೆಳಗಿನ ಪಟ್ಟೆಯೊಳಗೆ 3 ಸೆಕೆಂಡ್, ಹೊರಗಿನಿಂದ ಚೆಂಡು ಒಳಗೆ ಕೊಡೋಕೆ 5 ಸೆಕೆಂಡ್, ಅರ್ಧ ಕೋರ್ಟ್ ದಾಟೋಕೆ 8 ಸೆಕೆಂಡ್, ಶಾಟ್ ಹೊಡೆಯೋಕೆ 24 ಸೆಕೆಂಡ್. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಸಿಮೆಂಟ್ ಕೋರ್ಟ್. ರಿಂಗಿಗೆ ನೆಟ್ ಇರಲಿಲ್ಲ. ಕೊನೆಯ ನಿಮಿಷ, ಒಂದೇ ಪಾಯಿಂಟಿನ ವ್ಯತ್ಯಾಸ. ಹಿಂದಿದ್ದ ತಂಡದ ಹುಡುಗ ಎಡಗಡೆಯಿಂದ ಶಾಟ್ ಹೊಡೆದ. ನೆಟ್ ಇಲ್ಲದ ರಿಂಗಿನಲ್ಲಿ ಚೆಂಡು ಒಳಗಿಂದ ಬಿತ್ತೋ, ಹೊರಗಿಂದ ಸವರಿಕೊಂಡು ಬಿತ್ತೋ ಹೇಳೋದು ಬಹಳ ಕಷ್ಟ. ನಾನು ಬಾಸ್ಕೆಟ್ ಇಲ್ಲ ಅಂತ ಕೈ ಆಡಿಸಿದೆ. ಆ ಬದಿಯ ಜನವೆಲ್ಲ ಎದ್ದು ನಿಂತರು. ಮ್ಯಾಚ್ ಮುಗಿದ ಮೇಲೆ ನಾಲ್ಕು ಹುಡುಗರು ಬಸ್ ಸ್ಟ್ಯಾಂಡ್ ತನಕ ನನ್ನ ಹಿಂದೆಯೇ ಬಂದರು. ಒಂದು ಮಾತೂ ಆಡಲಿಲ್ಲ. ಇನ್ನು ಜನ್ಮದಲ್ಲಿ ವಿಸಲ್ ಮುಟ್ಟಲ್ಲ ಅಂದುಕೊಂಡೆ.

ಅವತ್ತು ಟೇಬಲ್‌ನಲ್ಲಿ ಸ್ಕೋರ್ ಬರೆಯುತ್ತಿದ್ದ ಹಿರಿಯರೊಬ್ಬರು ಅಲ್ಲಿಗೇ ಬಂದರು. ಹುಡುಗರನ್ನು ಏನೋ ಹೇಳಿ ಕಳಿಸಿ, ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್, ಚಾ ಹೇಳಿದರು. ಚೆಂಡು ಒಳಗೆ ಹೋಗಿತ್ತಾ ಇಲ್ವಾ ಎಂದು ಅವರು ಕೇಳಲೇ ಇಲ್ಲ.

"ತಮಾ, ಶಾಟ್ ಹೊಡೆದಾಗ ನೀನು ಎಲ್ಲಿ ನಿಂತಿದ್ದೆ?"

"ರಿಂಗಿನ ಕೆಳಗೇ ಇದ್ದೆ."

"ನಿನ್ನ ಜೊತೆಗಾರ ಎಲ್ಲಿದ್ದ?"

ನನಗೆ ಗೊತ್ತಿರಲಿಲ್ಲ.

ಅವರು ಉಪ್ಪಿನ ಡಬ್ಬಿಯನ್ನು ಮಧ್ಯಕ್ಕೆ ಎಳೆದುಕೊಂಡರು. ಅದು ರಿಂಗ್. ಎರಡು ಚಮಚ, ಎರಡು ರೆಫರಿ. ಒಂದು ಚಮಚ ಎಂಡ್ ಲೈನಿನ ಆಚೆ, ರಿಂಗಿನ ಹತ್ತಿರ. ಅವನು ಲೀಡ್. ಇನ್ನೊಂದು ಚೆಂಡಿನ ಹಿಂದೆ, ಸ್ವಲ್ಪ ದೂರದಲ್ಲಿ. ಅವನು ಟ್ರೇಲ್. ಶಾಟ್ ಹೋದರೆ ಚೆಂಡು ಹಾರುವುದನ್ನೂ ರಿಂಗಿನೊಳಗೆ ಬೀಳುವುದನ್ನೂ ನೋಡೋದು ಟ್ರೇಲ್‌ನ ಕೆಲಸ. ಲೀಡ್ ಮೇಲೆ ನೋಡಲೇಬಾರದು. ರಿಂಗಿನ ಕೆಳಗೆ ಯಾರು ಯಾರನ್ನು ತಳ್ಳುತ್ತಿದ್ದಾರೆ, ಯಾರ ಮೊಣಕೈ ಯಾರ ಬೆನ್ನಿಗೆ ಹೋಗಿದೆ, ಅದು ಅವನದು. ನಾನು ಲೀಡ್ ಆಗಿದ್ದೆ. ಅಂದರೆ ಆ ತೀರ್ಪು ಕೊಡುವ ಕೆಲಸವೇ ನನ್ನದಾಗಿರಲಿಲ್ಲ. ನನ್ನ ಜೊತೆಗಾರ ಅರ್ಧ ಕೋರ್ಟಿನಲ್ಲೇ ನಿಂತುಬಿಟ್ಟಿದ್ದ, ನಾನು ಕತ್ತು ಮೇಲೆತ್ತಿ ಅವನ ಕೆಲಸ ಮಾಡಿದ್ದೆ. ರಿಂಗಿನ ಕೆಳಗೆ ಅದೇ ಹೊತ್ತಿಗೆ ಏನೇನು ನಡೆದಿತ್ತೋ, ಯಾರೂ ನೋಡಿರಲಿಲ್ಲ.

ಇದೇನು ನಮ್ಮ ಕಾಲದ ಉಪಾಯ ಅಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ ಬರೆದದ್ದು ಬರೀ 13 ರೂಲ್ಸ್. ಅದರಲ್ಲೇ ಕೆಲಸ ಹಂಚಿದ್ದರು. ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು. ರಿಂಗಿನ ಬದಲು ಪೀಚ್ ಹಣ್ಣಿನ ಬುಟ್ಟಿ ಇದ್ದ ಕಾಲದಲ್ಲೇ ಇಬ್ಬರೂ ಒಂದೇ ಕಡೆ ನೋಡಿದರೆ ಆಗಲ್ಲ ಅಂತ ಅವರಿಗೆ ಹೊಳೆದಿತ್ತು. ಈಗ ಇಬ್ಬರೂ ಎರಡೂ ನೋಡಬೇಕು, ಆದರೆ ಪಾಲು ಮಾಡಿಕೊಂಡು ನೋಡಬೇಕು.

ಹಾಗಾಗಿ ಹೊಸಬರು ಬಂದರೆ ನಾನು ಮೊದಲು ಮಾಡಿಸೋದು ಒಂದೇ. ಒಂದು ನೋಟ್‌ಬುಕ್ ಕೊಟ್ಟು ಗೆರೆಯಾಚೆ ಕೂರಿಸುತ್ತೇನೆ. ಒಂದು ಕ್ವಾರ್ಟರ್, ಅಂದರೆ 10 ನಿಮಿಷ, ಚೆಂಡು ಎಲ್ಲಿಲ್ಲವೋ ಅಲ್ಲಿ ಮಾತ್ರ ನೋಡಬೇಕು, ಕಂಡದ್ದು ಬರೆಯಬೇಕು. ಕೇಳೋಕೆ ಸುಲಭ. ಪ್ರಯತ್ನಿಸಿ ನೋಡಿ! ನಾವೆಲ್ಲ ಚಿಕ್ಕಂದಿನಿಂದ ಚೆಂಡಿನ ಹಿಂದೆ ಕಣ್ಣು ಓಡಿಸಿಯೇ ಬೆಳೆದವರು. ಮೊದಲ ದಿನ ಎಲ್ಲರ ನೋಟ್‌ಬುಕ್ಕಿನಲ್ಲೂ "ಶಾಟ್, ಪಾಸ್, ಶಾಟ್" ಇರುತ್ತದೆ. ಮೂರನೇ ವಾರಕ್ಕೆ ಯಾರೋ ಒಬ್ಬರು "ಏಳನೇ ನಂಬರಿನವನು ಪ್ರತಿ ಸಲ ಎಡಗೈಯಲ್ಲಿ ಜರ್ಸಿ ಹಿಡಿಯುತ್ತಾನೆ" ಅಂತ ಬರೆದಿರುತ್ತಾರೆ. ಅವರ ಕೈಗೆ ವಿಸಲ್ ಕೊಡಬಹುದು.

ವಿಸಲ್ ಅಂದಕೂಡಲೇ ನೆನಪಾಯಿತು. ನಮ್ಮ ಪಿಟಿ ಮಾಸ್ತರರ ಹತ್ತಿರ ಇರುತ್ತಿತ್ತಲ್ಲ, ಒಳಗೆ ಗೋಲಿ ಉರುಳುವ ಪೀಪಿ, ಅದನ್ನು ದಯವಿಟ್ಟು ತರಬೇಡಿ. ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಎಂಬ ಬಾಸ್ಕೆಟ್‌ಬಾಲ್ ರೆಫರಿ ತುಂಬಿದ ಸ್ಟೇಡಿಯಂನಲ್ಲಿ ಊದಿದಾಗ ಗೋಲಿ ಸಿಕ್ಕಿಕೊಂಡು ಸದ್ದೇ ಬರಲಿಲ್ಲವಂತೆ. ಆ ಸಿಟ್ಟಿಗೆ ಗೋಲಿಯೇ ಇಲ್ಲದ ವಿಸಲ್ ಮಾಡಿಸಿದರು. ಅದೇ 1987ರಲ್ಲಿ ಮಾರಾಟಕ್ಕೆ ಬಂದ ಫಾಕ್ಸ್ 40. ಆಗಸ್ಟ್ ಮಳೆಯಲ್ಲಿ ತಾಲೂಕು ಟೂರ್ನಿ ಮಾಡಿಸುವ ನಮಗೆ ಅವರ ಕಷ್ಟ ಚೆನ್ನಾಗಿ ಅರ್ಥ ಆಗುತ್ತದೆ.

ಹಾಗಂತ ರೂಲ್ಸ್ ಓದೋದು ಬೇಡ ಅಂತಲ್ಲ. ಒಂದು ಸಲ ಓದಿ ಅಟ್ಟಕ್ಕೆ ಹಾಕುವ ಪುಸ್ತಕ ಅಲ್ಲ ಅದು, ಬದಲಾಗುತ್ತಲೇ ಇರುತ್ತದೆ. "ಸ್ಟೆಪ್ಸ್! ಸ್ಟೆಪ್ಸ್!" ಅಂತ ಜನ ಕೂಗೋದು ಕೇಳಿದ್ದೀರಲ್ಲ? ಓಡುತ್ತಾ ಚೆಂಡು ಹಿಡಿಯುವ ಆಟಗಾರನಿಗೆ, ಹಿಡಿಯುವ ಹೊತ್ತಿಗೆ ನೆಲದಲ್ಲಿದ್ದ ಕಾಲು ಲೆಕ್ಕಕ್ಕಿಲ್ಲ, ಅದರ ನಂತರ ಎರಡು ಹೆಜ್ಜೆ ಅಂತ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2017ರಲ್ಲಿ ಬದಲಾಯಿಸಿತು. ಅದಕ್ಕೆ ಮುಂಚೆ ಆಡಿದ ನಮ್ಮಂಥವರಿಗೆ ಅದು ಇವತ್ತಿಗೂ ಮೂರು ಹೆಜ್ಜೆಯ ಹಾಗೆಯೇ ಕಾಣುತ್ತದೆ. ಕೈ ತಾನಾಗಿಯೇ ಟ್ರಾವೆಲಿಂಗ್, ಅಂದರೆ ಹೆಜ್ಜೆ ಹೆಚ್ಚಾಯಿತು ಅನ್ನುವ ಸಿಗ್ನಲ್‌ಗೆ ಏಳುತ್ತದೆ. ಹಳಬರಿಗೂ ಟ್ರೇನಿಂಗ್ ಬೇಕು ಅನ್ನೋದು ಇದಕ್ಕೇ. ಆದರೆ ಹಳಬರಿಗೆ ಅದನ್ನು ಹೇಳುವವರು ಯಾರು!

ಇನ್ನು ಟೇಬಲ್. ಯಕ್ಷಗಾನದವರ ಊರಿನಲ್ಲಿ ಇದನ್ನು ವಿವರಿಸೋದು ಸುಲಭ. ಟೇಬಲ್‌ನವರು ನಮ್ಮ ಹಿಮ್ಮೇಳ. ಅವರು ತಾಳ ತಪ್ಪಿದರೆ ಮುಮ್ಮೇಳದವರು ಎಷ್ಟು ಕುಣಿದರೂ ಸುಖ ಇಲ್ಲ. ಹೊಸಬರನ್ನು ನಾನು ಮೊದಲ ಒಂದೆರಡು ಟೂರ್ನಿ ಅಲ್ಲೇ ಕೂರಿಸುತ್ತೇನೆ. ಸ್ಕೋರ್‌ಶೀಟಿನಲ್ಲಿ ಬಾಸ್ಕೆಟ್ ಆದರೆ ಓರೆ ಗೆರೆ, ಫ್ರೀ ಥ್ರೋ ಆದರೆ ತುಂಬಿದ ಚುಕ್ಕಿ, ಮೂರು ಪಾಯಿಂಟ್ ಆದರೆ ಹೊಡೆದವನ ನಂಬರಿಗೆ ಸುತ್ತು. ಒಂದು ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು ಪೆನ್ನು, ಎರಡು ಮತ್ತು ನಾಲ್ಕಕ್ಕೆ ನೀಲಿ ಅಥವಾ ಕಪ್ಪು. ಅಲ್ಲಿ ಕೂತವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ರೆಫರಿ ಫೌಲ್ ಕೊಟ್ಟು, ಬೆನ್ನು ತಿರುಗಿಸಿಕೊಂಡೇ ಏನೋ ಒಂದು ನಂಬರ್ ತೋರಿಸಿ ಓಡಿದರೆ ಟೇಬಲ್‌ನವರ ಗತಿ ಏನು ಅಂತ. ಐದು ಫೌಲ್ ಆದರೆ ಹುಡುಗ ಹೊರಗೆ. ಆ ಲೆಕ್ಕ ತಪ್ಪಿದರೆ ದೊಡ್ಡ ಗಲಾಟೆ. ನಾನು ಊದಿದ ಹೆಚ್ಚಿನ ಮೈದಾನಗಳಲ್ಲಿ 24 ಸೆಕೆಂಡಿನ ಗಡಿಯಾರವೂ ಇಲ್ಲ, ಸ್ಟಾಪ್‌ವಾಚ್ ಹಿಡಿದು ಒಬ್ಬ ಹುಡುಗ ಕೂಗಬೇಕು. ಮಳೆ ಜೋರಾದ ದಿನ ಹೊರಗೆ ಆಡೋಕಾಗಲ್ಲ ಅನ್ನೋದು ನಮ್ಮ ಕಡೆಯ ಹಣೆಬರಹ. ಅಂಥ ದಿನ ನಾವು ಹಳೆಯ ಸ್ಕೋರ್‌ಶೀಟ್ ಹರಡಿಕೊಂಡು, ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಾ ಕೂರುತ್ತೇವೆ.

ಇಷ್ಟೆಲ್ಲ ಕಲಿತವರೂ ಬಿಟ್ಟು ಹೋಗುತ್ತಾರೆ. ನಾನು ನೋಡಿದ ಹಾಗೆ, ರೂಲ್ಸ್ ಗೊತ್ತಿಲ್ಲದೆ ಬಿಟ್ಟವರು ಒಬ್ಬರೂ ಇಲ್ಲ. ಎರಡನೆಯದೋ ಮೂರನೆಯದೋ ಮ್ಯಾಚ್ ಆದ ಮೇಲೆ ಒಬ್ಬರೇ ಮನೆಗೆ ಹೋಗುತ್ತಾರಲ್ಲ, ಅವತ್ತೇ ಬಿಡೋದು. ನನಗೆ ಬನ್ಸ್ ಕೊಡಿಸಿದವರು ಇದ್ದರು. ಎಲ್ಲರಿಗೂ ಎಲ್ಲಿ ಸಿಗುತ್ತಾರೆ?

ಸಣ್ಣ ಊರಿನಲ್ಲಿ ಇನ್ನೊಂದು ಕಷ್ಟ ಇದೆ, ಅದನ್ನು ಯಾವ ರೂಲ್ ಪುಸ್ತಕವೂ ಹೇಳೋದಿಲ್ಲ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕೋಚ್ ಆಗಿ ಬಂದು ಕೂತವರು ನಿಮಗೆ ಡ್ರಿಬಲ್ ಕಲಿಸಿದ ಮಾಸ್ತರರೇ ಆಗಿರುತ್ತಾರೆ. ಘಟ್ಟದ ಕೆಳಗಿನ ಹುಡುಗಿಯೊಬ್ಬಳು ನಮ್ಮ ಜೊತೆ ತಯಾರಾಗಿದ್ದಳು. ಅವಳ ಎರಡನೇ ಮ್ಯಾಚಿಗೆ ಬಂದ ಕೋಚ್ ಅವಳ ಹೈಸ್ಕೂಲ್ ಮಾಸ್ತರು. ಮೊದಲ ಕ್ವಾರ್ಟರಿನಿಂದಲೇ ಶುರು. "ಏ ತಂಗಿ, ಕಣ್ಣು ಕಾಣ್ತದಾ ಇಲ್ವಾ?" "ನಾನು ಹೀಗಾ ಕಲಿಸಿದ್ದು?" ಅವಳು ತಲೆ ತಗ್ಗಿಸಿಕೊಂಡು ಓಡುತ್ತಿದ್ದಳು. ವಿಸಲ್ ಸದ್ದು ಸಣ್ಣಗಾಗುತ್ತಾ ಹೋಯಿತು. ಧೈರ್ಯ ಹೋದರೆ ಮೊದಲು ಗೊತ್ತಾಗೋದು ವಿಸಲ್‌ನಲ್ಲೇ.

ಹಾಫ್ ಟೈಮಿನಲ್ಲಿ ಹತ್ತಿರ ಹೋದೆ. ಕೋಕಂ ಪಾನಕದ ಲೋಟ ಹಿಡಿದುಕೊಂಡಿದ್ದಳು, ಕುಡಿದಿರಲಿಲ್ಲ. ನಾನು ಒಂದೇ ಮಾತು ಹೇಳಿದೆ. ಮೊದಲು ಹತ್ತಿರ ಹೋಗಿ ಗೌರವದಿಂದ ಎಚ್ಚರಿಸು, ಮತ್ತೆ ಕೂಗಿದರೆ ಟೆಕ್ನಿಕಲ್, ಅಂದರೆ ಕೆಟ್ಟ ನಡತೆಯ ಫೌಲ್, ಕೊಡು, ಆಮೇಲೆ ನಾನಿದ್ದೇನೆ. ಮೂರನೇ ಕ್ವಾರ್ಟರಿನಲ್ಲಿ ಅವಳು ಹೋಗಿ "ಸರ್, ದಯವಿಟ್ಟು ಕೂತ್ಕೊಳ್ಳಿ" ಅಂದಳು. ಅವರು ನಕ್ಕರು. ಎರಡು ನಿಮಿಷಕ್ಕೆ ಮತ್ತೆ ಕೂಗಿದರು. ಅವಳು ಊದಿದಳು, ಎರಡು ಅಂಗೈ ಸೇರಿಸಿ ಟಿ ತೋರಿಸಿದಳು. ಎದುರು ತಂಡಕ್ಕೆ ಒಂದು ಫ್ರೀ ಥ್ರೋ, ಅಷ್ಟೇ ಶಿಕ್ಷೆ. ಇಂಥದ್ದು ಇನ್ನೊಂದಾದರೆ ಕೋಚ್ ಹೊರಗೆ ಹೋಗಬೇಕು. ಮಾಸ್ತರು ಕೂತರು. ಮ್ಯಾಚ್ ಮುಗಿದ ಮೇಲೆ ಅವಳು ನಮಸ್ಕಾರ ಮಾಡಿದರೂ ಮುಖ ತಿರುಗಿಸಿ ಹೋದರು. ಇವತ್ತಿಗೂ ಮಾತಾಡೋದಿಲ್ಲವಂತೆ. ಅವಳಿಗೆ ಅದರ ಬೇಜಾರು ಇದೆ. ಆದರೆ ವಿಸಲ್ ಬಿಟ್ಟಿಲ್ಲ.

ಅವತ್ತಿನಿಂದ ನಾವು ಕೆಲವು ಪದ್ಧತಿ ಇಟ್ಟುಕೊಂಡಿದ್ದೇವೆ. ಇಬ್ಬರು ಹೊಸಬರನ್ನು ಒಂದೇ ಮ್ಯಾಚಿಗೆ ಹಾಕೋದಿಲ್ಲ. ತನ್ನ ಮಾಸ್ತರು ಕೋಚ್ ಆಗಿದ್ದರೆ ಮೊದಲ ವರ್ಷ ಆ ಮ್ಯಾಚ್ ಬೇರೆಯವರಿಗೆ. ಹಾಫ್ ಟೈಮಿನಲ್ಲಿ ಒಂದೇ ಒಂದು ತಪ್ಪು ಹೇಳೋದು, ಹತ್ತು ಕಂಡಿದ್ದರೂ ಉಳಿದ ಒಂಬತ್ತನ್ನು ನುಂಗಿಕೊಳ್ಳೋದು. ಇದು ನನಗೆ ಈಗಲೂ ಕಷ್ಟ. ದುಡ್ಡು ಎಷ್ಟೇ ಸಣ್ಣದಿರಲಿ, ಅವತ್ತೇ ಕೈಗೆ ಕೊಡಬೇಕು. "ಆಮೇಲೆ ಕಳಿಸ್ತೇವೆ" ಅನ್ನುವ ಸಂಘಟಕರ ಆಮೇಲೆ ಬಂದದ್ದು ನಾನು ನೋಡಿಲ್ಲ. ಸರ್ಕಾರಿ ಶಿಕ್ಷಕರಿಗೆ ಓಓಡಿ, ಅಂದರೆ ಕರ್ತವ್ಯದ ಮೇಲೆ ಹೋದ ಲೆಕ್ಕ, ಸಿಗುತ್ತದೆ, ಕಾಲೇಜು ಹುಡುಗರಿಗೆ ಹಾಜರಿಯೇ ಚಿಂತೆ. ಅವರ ಪ್ರಿನ್ಸಿಪಾಲರಿಗೆ ಮುಂಚೆಯೇ ಪತ್ರ ಹೋಗಬೇಕು. ಮತ್ತೆ, ಯಾರೂ ಒಬ್ಬರೇ ವಾಪಸ್ ಹೋಗಬಾರದು. ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಶೈಕ್ಷಣಿಕ ಜಿಲ್ಲೆ ಎರಡು, ಕಾರವಾರ ಮತ್ತು ಶಿರಸಿ. ಶಾಲೆ ಟೂರ್ನಿಗಳು ಬೇರೆ ಬೇರೆ ನಡೆಯುತ್ತವೆ, ಊದುವವರು ಮಾತ್ರ ಅವರೇ. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಬೇಕು. "ಆ ಮೂರನೇ ಫೌಲ್ ಇತ್ತಲ್ಲ, ಆಗ ಎಲ್ಲಿ ನಿಂತಿದ್ದೆ?" ಯಾಕೆ ಕೊಟ್ಟೆ ಅಂದರೆ ಜಗಳ ಆಗುತ್ತದೆ. ಎಲ್ಲಿ ನಿಂತಿದ್ದೆ ಅಂದರೆ ಕೈ ಬೆರಳಿನಲ್ಲೇ ಸೀಟಿನ ಮೇಲೆ ಕೋರ್ಟ್ ಬರೆದು ತೋರಿಸುತ್ತಾರೆ.

ಬರುವ ಮನಸ್ಸಿದ್ದರೆ ಬನ್ನಿ. ಆಡಿ ಗೊತ್ತಿರಲೇಬೇಕು ಅಂತಿಲ್ಲ, ಓಡೋಕೆ ಬಂದರೆ ಸಾಕು. ಪುಸ್ತಕ ಒಮ್ಮೆ ಓದಿಕೊಂಡು ಬನ್ನಿ, ಅರ್ಥ ಆಗದಿದ್ದರೂ ಪರವಾಗಿಲ್ಲ. ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ತನ್ನಿ. ಮ್ಯಾಚಿಗೆ ಅರ್ಧ ತಾಸು ಮುಂಚೆ ಬಂದರೆ ಸ್ಟೂಲ್ ಹಿಡಿದುಕೊಳ್ಳೋಕೆ ಒಬ್ಬರು ಬೇಕು. ನೆಟ್ ನನ್ನ ಬ್ಯಾಗಿನಲ್ಲೇ ಇರುತ್ತದೆ, ಎರಡೂ ರಿಂಗಿಗೆ ಕಟ್ಟಬೇಕು.